ಅಪ್ಪನ ಹುಟ್ಟುಹಬ್ಬಕ್ಕೊಂದು ನೋಟುಬುಕ್ಕು

ತಂದೆಯ ಹುಟ್ಟುಹಬ್ಬ ಹತ್ತಿರವಾದಂತೆ, ಕೈಯಲ್ಲಿ ಹೆಚ್ಚು ಹಣವಿಲ್ಲದ ವಿದ್ಯಾರ್ಥಿಗೆ ಏನು ಕೊಡುವುದೆಂಬ ಚಿಂತೆ ಹತ್ತುತ್ತದೆ. ಅಂಗಡಿಗಳಲ್ಲಿ ಉತ್ತರಗಳು ಸಿದ್ಧವಾಗಿವೆ: ಹೆಸರು ಅಚ್ಚಾದ ಕಾಫಿ ಲೋಟ, ಫೋಟೊ ಚೌಕಟ್ಟು, ಇಲ್ಲವೇ ಒಂದು ಅಂಗಿ. ತಂದೆ ಅದನ್ನು ಕೈಗೆ ತೆಗೆದುಕೊಂಡು ‘ಇದೆಲ್ಲ ಯಾಕೆ ಬೇಕಿತ್ತು?’ ಎನ್ನುತ್ತಾರೆ. ಮರುದಿನ ಅದು ಬೀರು ಸೇರುತ್ತದೆ. ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಆ ವಸ್ತುವನ್ನು ಯಾವ ತಂದೆಗಾದರೂ ಕೊಡಬಹುದಿತ್ತು ಎಂಬುದೇ ಅದರ ಕೊರತೆ.

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳನ್ನು ಕಣ್ಣಮುಂದೆ ತಂದುಕೊಂಡರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕವಿರಾಜಮಾರ್ಗದಲ್ಲಿ ಓದುವ ಕನ್ನಡನಾಡಿನ ತೆಂಕಣ ಎಲ್ಲೆ ಕಾವೇರಿ. ಆ ಎಲ್ಲೆಯಾಚೆ, ನೊಯ್ಯಲ್ ಹೊಳೆಯ ಬಯಲಿನಲ್ಲಿ, ನೇಯ್ಗೆಯನ್ನು ಕುಲಕಸುಬಾಗಿ ಉಳಿಸಿಕೊಂಡ ದೇವಾಂಗರೂ ಬೇಸಾಯಗಾರರಾದ ಒಕ್ಕಲಿಗರೂ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದಿದ್ದಾರೆ. ಈ ಸೀಮೆಗೂ ಕನ್ನಡಕ್ಕೂ ಇರುವ ನಂಟು ಸಣ್ಣದಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಆದರೆ ಇಲ್ಲಿನ ಮನೆಗಳಲ್ಲಿ ಕನ್ನಡ ಬಹುಮಟ್ಟಿಗೆ ಕಿವಿಯ ಭಾಷೆ. ಶಾಲೆ, ಪತ್ರಿಕೆ, ಬಸ್ಸಿನ ಫಲಕ, ಮದುವೆಯ ಕರೆಯೋಲೆ ಎಲ್ಲವೂ ತಮಿಳು. ಬರವಣಿಗೆಯ ಆಸರೆಯಿಲ್ಲದ ಮಾತು ಆಡುವವರ ಉಸಿರಿನ ಜೊತೆಗೇ ಹೋಗುತ್ತದೆ.

ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು; ಕೋವೈ ಕೋರಾ ಸೀರೆಗೆ ಅದಕ್ಕೂ ಮೊದಲೇ ದೊರೆತಿತ್ತು. ಸೀರೆಗೆ ಸರ್ಕಾರಿ ದಾಖಲೆ ಸಿಕ್ಕಿತು. ಮಗ್ಗದ ಮುಂದೆ ಕುಳಿತವರ ಮನೆಮಾತಿಗೆ ಅಂಥ ದಾಖಲೆ ಯಾವ ಕಚೇರಿಯಿಂದಲೂ ಬರುವುದಿಲ್ಲ. ಅದನ್ನು ಮಾಡಬೇಕಾದವರು ಮನೆಯ ಮಕ್ಕಳೇ. ಆದ್ದರಿಂದ ಇಂಥ ತಂದೆಗೆ ಕೊಡಬಹುದಾದ ಅತ್ಯುತ್ತಮ ಉಡುಗೊರೆ ಒಂದು ನೋಟುಬುಕ್ಕು. ಖಾಲಿಯದಲ್ಲ, ಅವರ ಮಾತುಗಳಿಂದಲೇ ತುಂಬಿದ್ದು.

ಅದಕ್ಕೆ ಬೇಕಾದದ್ದು ಹಣವಲ್ಲ, ಹುಟ್ಟುಹಬ್ಬಕ್ಕೆ ಮೊದಲಿನ ಕೆಲವು ಸಂಜೆಗಳು. ಪಠ್ಯದ ಕನ್ನಡದಲ್ಲಿ ಮಗ್ಗ, ಲಾಳಿ, ಹಾಸು, ಹೊಕ್ಕು ಎಂಬ ಪದಗಳಿವೆ. ತಂದೆ ಅವನ್ನು ಏನೆಂದು ಕರೆಯುತ್ತಾರೆ? ನೂಲು ಕಡಿದಾಗ ಅಜ್ಜ ಏನೆಂದು ಗದರಿಸುತ್ತಿದ್ದರು? ವಿಜಯದಶಮಿಯಂದು ಕೊಯಮತ್ತೂರಿನಲ್ಲಿ ನಡೆಯುವ ಚೌಡೇಶ್ವರಿಯ ಕತ್ತಿ ಹಬ್ಬಕ್ಕೆ ಅವರು ಮೊದಲು ಹೋದದ್ದು ಯಾರ ಕೈ ಹಿಡಿದು? ಪುಟಕ್ಕೊಂದು ಪ್ರಶ್ನೆ, ಅದರ ಕೆಳಗೆ ಅವರದೇ ಉತ್ತರ, ಅವರು ಆಡಿದಂತೆಯೇ. ಕೊನೆಯ ಪುಟಗಳಲ್ಲಿ ಹಳೆಯ ಫೋಟೊಗಳನ್ನು ಅಂಟಿಸಿ, ಅವುಗಳಲ್ಲಿರುವವರ ಹೆಸರುಗಳನ್ನು ಬರೆಯಬಹುದು. ಅನೇಕ ಹಿರಿಯರ ಹುಟ್ಟಿದ ದಿನವೆಂದರೆ ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಿಂದ ಬರೆದ ದಿನ. ನಿಜವಾದ ದಿನದ ಬಗ್ಗೆ ಅವರ ತಾಯಿ ಹೇಳುತ್ತಿದ್ದ ಮಾತಿಗೆ ಮೊದಲ ಪುಟವನ್ನು ಮೀಸಲಿಡಬಹುದು.

ಇಲ್ಲೊಂದು ತೊಡಕಿದೆ. ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ತಮಿಳು ಶಾಲೆಯಲ್ಲಿ ಓದಿದ ತಂದೆಗೆ ತಮ್ಮ ಮಾತೇ ಅಪರಿಚಿತ ಗೆರೆಗಳಾಗಿ ಕಾಣುತ್ತದೆ. ತಮಿಳು ಲಿಪಿಯಲ್ಲಿ ಬರೆದರೆ ‘ಗಾಳಿ’ಯೂ ‘ಕಾಳಿ’ಯೂ ಒಂದೇ ಆಗುತ್ತವೆ, ಅಲ್ಲಿ ಕಕಾರ ಗಕಾರಗಳಿಗೆ ಇರುವುದು ಒಂದೇ ಅಕ್ಷರ. ಎರಡೂ ಲಿಪಿಗಳಲ್ಲಿ ಒಂದರ ಕೆಳಗೊಂದು ಬರೆದು, ಹುಟ್ಟುಹಬ್ಬದ ದಿನ ಗಟ್ಟಿಯಾಗಿ ಓದಿ ಹೇಳುವುದೇ ಸರಿ. ಆ ಓದಿನಲ್ಲಿಯೇ ಉಡುಗೊರೆಯ ಅರ್ಧ ಬೆಲೆ ಇದೆ. ತಂದೆ ಒಪ್ಪಿದರೆ, ಅವರ ಹೆಸರನ್ನು ಕನ್ನಡದಲ್ಲಿ ಬರೆಯಲು ಅಂದೇ ಕಲಿಸಬಹುದು.

ಇದಕ್ಕಿಂತ ದೊಡ್ಡ ಅಪಾಯ ಐಚ್ಛಿಕ ಕನ್ನಡದ ವಿದ್ಯಾರ್ಥಿಯ ಒಳಗೇ ಇದೆ. ವ್ಯಾಕರಣ ಕಲಿತವರ ಕೈ ತಿದ್ದಲು ತುಡಿಯುತ್ತದೆ. ತಂದೆಯ ಮಾತಿನಲ್ಲಿ ತಮಿಳು ಬೆರೆತಿರಬಹುದು, ಕ್ರಿಯಾಪದ ಪುಸ್ತಕದಂತೆ ಇಲ್ಲದಿರಬಹುದು. ‘ಅಪ್ಪಾ, ಅದು ಹಾಗಲ್ಲ’ ಎಂದು ಒಮ್ಮೆ ಅಂದರೆ ಸಾಕು, ಮುಂದಿನ ವಾಕ್ಯ ತಮಿಳಿನಲ್ಲಿ ಬರುತ್ತದೆ. ಅದರ ಮುಂದಿನದು ಬಾರದೆಯೂ ಇರಬಹುದು. ಉಪಭಾಷೆಯೂ ಭಾಷೆಯೇ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ಅದನ್ನು ಮನೆಯ ಜಗಲಿಯಲ್ಲಿ ನಂಬಿ ತೋರಿಸಬೇಕು.

ಇದು ತಂದೆಯನ್ನೇ ಕ್ಷೇತ್ರಕಾರ್ಯದ ವಸ್ತುವಾಗಿಸಿದಂತೆ ಆಗದೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದ್ದರಿಂದ ನೋಟುಬುಕ್ಕು ತಂದೆಯ ಸೊತ್ತಾಗಿರಬೇಕು. ಅವರು ಹೇಳಬೇಡವೆಂದದ್ದು ಅದರಲ್ಲಿ ಇರಬಾರದು. ಪ್ರಬಂಧಕ್ಕೆ ಬೇಕಾಗಿ ಕೇಳಿದ್ದಕ್ಕೂ ಮಗಳಾಗಿ, ಮಗನಾಗಿ ಕೇಳಿದ್ದಕ್ಕೂ ಇರುವ ಅಂತರ ತಂದೆಯಾದವರಿಗೆ ತಿಳಿಯುತ್ತದೆ.

ಮಗ್ಗದ ಸೀಮೆಗೆ ಹೇಳಿದ ಈ ಮಾತು ಹೊಲ, ಕುಲುಮೆ, ಹೋಟೆಲಿನ ಅಡುಗೆಮನೆಗಳಲ್ಲಿ ದುಡಿದ ಎಲ್ಲ ತಂದೆಯರಿಗೂ ಸಲ್ಲುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಮಗನೊಬ್ಬ ತಂದೆಗೆ ಸಲ್ಲಿಸಿದ ಅಪರೂಪದ ಕಾಣಿಕೆ. ಆದರೆ ಅದು ಪುಸ್ತಕವಾಗಿ ಬಂದಾಗ ಓದಿ ನಗಲು ಕುವೆಂಪು ಇರಲಿಲ್ಲ. ಕುವೆಂಪು ಅವರ ಮಾತು ಹೇಗೂ ಗ್ರಂಥಗಳಲ್ಲಿ ಉಳಿದಿದೆ. ಸಿರುಮುಗೈಯ ನೇಕಾರನಿಗೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಕಾರ್ಮಿಕನಿಗೆ ಅಂಥ ಆಸರೆಯಿಲ್ಲ. ಅವರ ಮಾತನ್ನು ಅವರು ಇರುವಾಗಲೇ ಕೇಳಿ, ಬರೆದು, ಅವರಿಗೇ ಓದಿ ಹೇಳಬೇಕು. ಮುಂದಿನ ವರ್ಷದ ಹುಟ್ಟುಹಬ್ಬಕ್ಕೆಂದು ಮುಂದೂಡುವ ಕೆಲಸ ಇದಲ್ಲ.