ಹಾರ ಹಾಕುವ ದಿನ, ಲೆಕ್ಕ ಕೇಳುವ ದಿನ

ನಮ್ಮ ನಾಡಿನಲ್ಲಿ ಜಯಂತಿ, ಉತ್ಸವಗಳಿಗೇನೂ ಬರವಿಲ್ಲ. ಬರಕ್ಕೆ ಮಾತ್ರ ಒಂದು ದಿನವೂ ಇಲ್ಲ. 1876ರಲ್ಲಿ ಮಳೆ ಕೈಕೊಟ್ಟು ಶುರುವಾದ ಭೀಕರ ಕ್ಷಾಮಕ್ಕೆ 2026ರಲ್ಲಿ ನೂರೈವತ್ತು ವರ್ಷ. ಹಿರಿಯರು ಅದನ್ನು ಧಾತು ಸಂವತ್ಸರದ ಬರ ಎಂದು ಕರೆದರು. ಅಂದಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಬಹುಭಾಗ, ಅದಕ್ಕೆ ತೆತ್ತ ಬೆಲೆ ಸರ್ಕಾರದ ಕಡತದಲ್ಲೇ ಇದೆ. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಎಷ್ಟೋ ಜನ ಸತ್ತರು, ಎಷ್ಟೋ ಜನ ಗುಳೆ ಹೋದರು. ಅವರಿಗಾಗಿ ಯಾರೂ ರಜೆ ಕೇಳುವುದಿಲ್ಲ, ಮೆರವಣಿಗೆ ತೆಗೆಯುವುದಿಲ್ಲ.

ಮಳೆ ಬಾರದಿದ್ದುದು ನಿಸರ್ಗದ ಕೆಲಸ. ಆದರೆ ಜನ ಸಾಯುವಂತಾದದ್ದು ಆಡಳಿತದ ಕೆಲಸ. ದಕ್ಷಿಣ ಭಾರತ ಹಸಿವಿನಿಂದ ಸಾಯುತ್ತಿದ್ದಾಗ, 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ ಅದ್ದೂರಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರಿದ. ಅದೇ ವರ್ಷ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಬರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಗೊತ್ತುಪಡಿಸಿದ. ಅಂದರೆ ಅರ್ಧ ಕಿಲೋಗೂ ಕಡಿಮೆ. ಮುಂಬಯಿ ಪ್ರಾಂತದಲ್ಲಿ ಹಸಿದ ಜನ ಕಾಮಗಾರಿ ಬಿಟ್ಟು ಹೊರನಡೆದು ಪ್ರತಿಭಟಿಸಿದರು. ದೇಶದಿಂದ ಧಾನ್ಯದ ರಫ್ತು ಮಾತ್ರ ನಿಲ್ಲಲಿಲ್ಲ. ಬಾಗಲಕೋಟೆ, ಬಾದಾಮಿಗಳ ಮೂಲಕ ಹಾದುಹೋಗುವ ಹೋಟಗಿ-ಗದಗ ರೈಲು ಮಾರ್ಗ ಈ ಬರದ ಪಾಠದಿಂದ 1880ರ ದಶಕದಲ್ಲಿ ಬಂದದ್ದು. ಆ ಹಾದಿಯಲ್ಲಿ ದಿನವೂ ಓಡಾಡುವ ಎಷ್ಟು ಮಂದಿಗೆ ಇದು ಗೊತ್ತು?

ಇಷ್ಟು ದೊಡ್ಡ ಸಾವು ನೆನಪಿನಿಂದ ಜಾರಿದ್ದು ಹೇಗೆ? ನಾವು ಇತಿಹಾಸವನ್ನು ರಾಜರ ಹಾಗೂ ಅವರ ಗೆಲುವಿನ ಲೆಕ್ಕದಲ್ಲಿ ಮಾತ್ರ ಓದಲು ಕಲಿತಿದ್ದೇವೆ. ಬಾದಾಮಿಯ ಹಿರಿಮೆಯನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಮೊದಲನೆಯ ಪುಲಿಕೇಶಿ ಕೋಟೆ ಕಟ್ಟಿದ್ದನ್ನು ಹೇಳುವ 543ರ ಬಂಡೆ ಶಾಸನ, ಮೂರನೆಯ ಗುಹೆಯಲ್ಲಿರುವ 578ರ ಮಂಗಳೇಶನ ಶಾಸನ, ಐಹೊಳೆಯ ಮೇಗುಟಿಯಲ್ಲಿ ಜೈನಕವಿ ರವಿಕೀರ್ತಿ ಬರೆದ 634ರ ಪ್ರಶಸ್ತಿ, ಇವು ನಮ್ಮೆಲ್ಲರ ಆಸ್ತಿ. ಆದರೆ ಚಾಲುಕ್ಯ ಉತ್ಸವದ ವೇದಿಕೆಯಿಂದ ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದ ಕಥೆ ಕೇಳಿಬರುವಷ್ಟು, 642ರ ಸುಮಾರಿಗೆ ಪಲ್ಲವರು ಬಾದಾಮಿಯನ್ನೇ ಹಿಡಿದ ಕಥೆ ಕೇಳಿಬರುವುದಿಲ್ಲ. ಪಲ್ಲವ ನರಸಿಂಹವರ್ಮನ ಶಾಸನ ಬಾದಾಮಿಯ ಬಂಡೆಯಲ್ಲೇ ಇದೆ. ಗೆದ್ದದ್ದನ್ನು ಮಾತ್ರ ನೆನೆಯುವ ಊರು ತನ್ನ ಕಥೆಯಲ್ಲಿ ಅರ್ಧವನ್ನಷ್ಟೇ ಬಲ್ಲದು.

ಅದೇ ಬಾದಾಮಿಯಲ್ಲಿ 1840-41ರಲ್ಲಿ ಇನ್ನೊಂದು ಘಟನೆ ನಡೆಯಿತು. ನರಸಿಂಗರಾವ್ ದತ್ತಾತ್ರೇಯ ಎಂಬ ಅಂಧ ಬ್ರಾಹ್ಮಣನ ಮುಂದಾಳತ್ವದಲ್ಲಿ ನಿಜಾಮನ ಸೀಮೆಯಿಂದ ಬಂದ ನೂರಕ್ಕೂ ಹೆಚ್ಚು ಅರಬ ಸೈನಿಕರು ಕೋಟೆ ಹಿಡಿದರು. ಕಂಪನಿ ಸರ್ಕಾರದ ಖಜಾನೆಗೆ ಕೈಹಾಕಿದರು. ಬೆಳಗಾವಿಯಿಂದ ಬಂದ ಸೈನ್ಯ ಕೆಲವೇ ದಿನಗಳಲ್ಲಿ ಅವರನ್ನು ಅಡಗಿಸಿತು. ಅವರು ಪೇಟೆಯನ್ನೂ ಲೂಟಿ ಮಾಡಿದ್ದರು. ಆದ್ದರಿಂದ ಅವರನ್ನು ಪೂಜಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಬ್ರಾಹ್ಮಣನೊಬ್ಬನ ಹಿಂದೆ ಅರಬರು ಕತ್ತಿ ಹಿಡಿದು ನಡೆದ ಈ ಪ್ರಸಂಗ ಯಾರ ಭಾಷಣಕ್ಕೂ ಒದಗುವುದಿಲ್ಲ ಎಂಬುದನ್ನು ಗಮನಿಸಿ. ಹಿಂದೂ ಮುಸ್ಲಿಮರು ಸಾವಿರ ವರ್ಷ ಕಾದಾಡಿದರು ಎನ್ನುವವರಿಗೂ ಇದು ಬೇಡ, ಎಂದೂ ಜಗಳವೇ ಇರಲಿಲ್ಲ ಎನ್ನುವವರಿಗೂ ಇದು ಬೇಡ.

ಈ ಮಾತನ್ನು ನಮ್ಮವರಿಗೂ ಹೇಳಬೇಕಾಗಿದೆ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು. 2019ರ ಜುಲೈನಲ್ಲಿ ಬಂದ ಮತ್ತೊಂದು ಸರ್ಕಾರ ಅದನ್ನು ರದ್ದುಪಡಿಸಿತು. ಈ ನಡುವೆ ಪ್ರತಿ ನವೆಂಬರ್‌ನಲ್ಲಿ ಪೊಲೀಸ್ ಕಾವಲು, ಟಿ.ವಿ. ಚರ್ಚೆ, ಊರೂರಲ್ಲಿ ಬಿಗುವು. ಟಿಪ್ಪುವಿನ ಗೌರವವನ್ನು ದುರುದ್ದೇಶದಿಂದ ಕೆಡಿಸುವವರನ್ನು ಎದುರಿಸಲೇಬೇಕು, ನಿಜ. ಆದರೆ ಸರ್ಕಾರಿ ಕ್ಯಾಲೆಂಡರಿನಲ್ಲಿ ಒಬ್ಬ ಸುಲ್ತಾನನಿಗೆ ಜಾಗ ಸಿಕ್ಕರೆ ಮುಸ್ಲಿಮರ ಇತಿಹಾಸಕ್ಕೆ ನ್ಯಾಯ ದೊರಕಿದಂತೆ ಎಂದು ನಂಬಿದ್ದು ಎಷ್ಟು ಸರಿ? ಕಲಾದಗಿ ಜಿಲ್ಲೆಯ ಬರದಲ್ಲಿ ಸತ್ತವರಲ್ಲಿ ಮುಸ್ಲಿಮರಿರಲಿಲ್ಲವೇ? ಬೀಳಗಿಯಲ್ಲಿ ಹುಟ್ಟಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೆಲ್ಲ ಹೆಸರಾದ ಅಮೀರ್‌ಬಾಯಿ ಕರ್ನಾಟಕಿ ನಮ್ಮ ಹೆಣ್ಣುಮಗಳಲ್ಲವೇ? ಆಕೆ ತೀರಿದ್ದು 1965ರಲ್ಲಿ. ಆ ವಾರ್ಷಿಕ ದಿನ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಇನ್ನು ಬಾಗಲಕೋಟೆಗೆ ಬರೋಣ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಈ ಎರಡು ದಿನಾಂಕಗಳು ಸರ್ಕಾರದ ಬಳಿ ಭದ್ರವಾಗಿವೆ. ಇವೆರಡರ ನಡುವೆ ಘಟಪ್ರಭೆಯ ದಂಡೆಯ ಹಳೆ ಊರಿನ ದೊಡ್ಡ ಭಾಗ ಹಿನ್ನೀರಿಗೆ ಹೋಯಿತು, ಜನ ನವನಗರಕ್ಕೆ ಸರಿದರು. ಮನೆಗೆ ಪರಿಹಾರ ಬಂತು. ಓಣಿಗೆ, ನೆರೆಹೊರೆಗೆ, ಕಟ್ಟೆಯ ಮಾತಿಗೆ ಪರಿಹಾರ ಕೊಡುವ ಕಚೇರಿ ಎಲ್ಲಿದೆ? 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಅಂದಿನಿಂದ ಇನ್ನಷ್ಟು ಹಳ್ಳಿಗಳ ಜನ ಬಿತ್ತಬೇಕೋ ಬಿಡಬೇಕೋ, ಮನೆಗೆ ಸುಣ್ಣ ಬಳಿಯಬೇಕೋ ಬೇಡವೋ ತಿಳಿಯದೆ ವರ್ಷಗಳನ್ನು ಕಳೆದರು. ಮುಳುಗಿದ ಊರಿನ ದಿನವೊಂದು ಇದ್ದಿದ್ದರೆ, ಆ ದಿನ ಪ್ರತಿ ವರ್ಷ ಮಂತ್ರಿಗಳು ವೇದಿಕೆಯ ಮೇಲೆ ನಿಂತು ಉತ್ತರ ಕೊಡಬೇಕಾಗುತ್ತಿತ್ತು. ಬಹುಶಃ ಅದಕ್ಕೇ ಅಂಥ ದಿನ ಇಲ್ಲ.

“ಸಾವು, ಸೋಲು, ಮುಳುಗಡೆಗಳನ್ನು ನೆನೆದು ಅಳುವುದರಿಂದ ಏನು ಬಂತು?” ಎಂದು ಕೇಳಬಹುದು. ಉತ್ತರ ಇದೇ ಸೀಮೆಯ ಹಳ್ಳಿಗಳಲ್ಲಿದೆ. ಮೊಹರಂ ಬಂದಾಗ ಹಿಂದೂಗಳೂ ಅಲಾವಿ ಸುತ್ತಿ ಕುಣಿಯುತ್ತಾರೆ, ರಿವಾಯತ್ ಹಾಡುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಗೆದ್ದ ಯಜೀದನಿಗಾಗಿ ಯಾರೂ ಹಾಡುವುದಿಲ್ಲ. ಹೊಳೆ ಪಕ್ಕದಲ್ಲಿದ್ದೂ ಗುಟುಕು ನೀರು ಸಿಗದೆ ಮಡಿದವರ ಹಾಡು ಅದು. ಆ ಆಚರಣೆಯ ರೀತಿನೀತಿಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು. ಸೋತವರ ಪರವಾಗಿ ನಿಲ್ಲುವ ಗುಣ ಈ ಮಣ್ಣಿಗಿದೆ ಎಂಬುದರಲ್ಲಿ ಇಲ್ಲ. ಇಳಕಲ್ಲಿನಲ್ಲಿ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಣಿಕೆಯ ಬದಲು ಜನರ ಕುಡಿತ, ತಂಬಾಕುಗಳನ್ನು ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ. ಹಾರ ಹಾಕಿ ಕೈತೊಳೆದುಕೊಳ್ಳಲು ಬಿಡದೆ, ಬಂದವರಿಂದ ಏನನ್ನೋ ಕೇಳುವ ದಿನ ಅದು.

ಹೀಗಿರುವಾಗ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಬರದ ನೂರೈವತ್ತನೇ ವರ್ಷವನ್ನು ಕಲಾದಗಿಯಲ್ಲೇ ಗುರುತಿಸಲಿ. ಶಾಲೆಯ ಮಕ್ಕಳು ತಮ್ಮ ಊರಿನ ಹಿರಿಯರ ಬಾಯಲ್ಲಿ ಉಳಿದಿರುವ ಬರದ ಮಾತುಗಳನ್ನು ಬರೆದಿಡಲಿ. ಮುಳುಗಿದ ಊರುಗಳ ಓಣಿ, ಗುಡಿ, ಮಸೀದಿ, ಬಾವಿಗಳ ಹೆಸರನ್ನು ನವನಗರದಲ್ಲಿ ಕಲ್ಲಿನ ಮೇಲೆ ಕೆತ್ತಿಸಲಿ. ಕಲ್ಲಿಗೇನು ಕೊರತೆ, ಇಳಕಲ್ಲಿನ ಕೆಂಪು ಗ್ರಾನೈಟ್ ಲೋಕಕ್ಕೆಲ್ಲ ಹೋಗುತ್ತದೆ. ಸರ್ಕಾರ ಮಾಡದಿದ್ದರೆ ಮಠ, ಮಸೀದಿ, ನೇಕಾರರ ಸಂಘಗಳು ಸೇರಿ ಮಾಡಲಿ. ರಾಜರ ಉತ್ಸವಗಳೂ ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಆ ರಾಜರಿಗೆ ತೆರಿಗೆ ಕಟ್ಟಿದವರ ಮಕ್ಕಳು ಹಸಿವಿನಿಂದ ಸತ್ತ ವರ್ಷವೂ ಆ ಪಟ್ಟಿಯಲ್ಲಿ ಇರಲಿ.