ಗಣಿ ಮುಚ್ಚಿದ ಮೇಲೆ ಕಾಗದಪತ್ರ ಎಲ್ಲಿಗೆ ಹೋಗುತ್ತದೆ?

ಕೋಲಾರದ ಚಿನ್ನದ ಗಣಿ ಕೆಜಿಎಫ್ ಬಗ್ಗೆ ಬರೆಯಲು ಹೊರಟವರಿಗೆ ಕೆಲವು ಸಂಗತಿಗಳು ಕೈಗೆಟುಕುವಲ್ಲೇ ಇರುತ್ತವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಆದರೆ ಅಷ್ಟು ಆಳದಲ್ಲಿ ಬಂಡೆ ಕೊರೆಯುತ್ತಿದ್ದವನ ಸಂಸಾರ ಹೇಗೆ ನಡೆಯುತ್ತಿತ್ತು? ಬಂಡೆ ಸಿಡಿದು ಅವನು ಸತ್ತರೆ ಹೆಂಡತಿ ಪರಿಹಾರಕ್ಕಾಗಿ ಯಾರ ಬಾಗಿಲಿಗೆ ಎಷ್ಟು ಸಲ ಅಲೆದಳು? ಕಂಪನಿಯ ವಾರ್ಷಿಕ ವರದಿ ಬರೆದದ್ದು ಷೇರುದಾರರಿಗಾಗಿ. ಅದರಲ್ಲಿ ಇದನ್ನು ಹುಡುಕಿ ಫಲವಿಲ್ಲ.

ಇಂಥ ಪ್ರಶ್ನೆಗಳಿಗೆ ಉತ್ತರ ಸಿಗುವ ಜಾಗವೊಂದು ವೇಲ್ಸ್ ದೇಶದಲ್ಲಿದೆ. ಸ್ವಾನ್ಸೀ ವಿಶ್ವವಿದ್ಯಾಲಯದ ದಕ್ಷಿಣ ವೇಲ್ಸ್ ಕಲ್ಲಿದ್ದಲು ಸಂಗ್ರಹ ಅದು. 1913ರ ಹೊತ್ತಿಗೆ ಅಲ್ಲಿನ ಕಣಿವೆಗಳ ಗಣಿಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅದೇ ವರ್ಷದ ಅಕ್ಟೋಬರ್ 14ರಂದು ಸೆಂಗೆನಿಥ್ ಗಣಿಯ ಸ್ಫೋಟದಲ್ಲಿ 439 ಕಾರ್ಮಿಕರು ಸತ್ತರು. ಆ ಕಣಿವೆಗಳ ಕಾರ್ಮಿಕರು ತಮ್ಮ ಕೂಲಿಯಿಂದಲೇ ಒಂದಿಷ್ಟು ಕಾಸು ತೆಗೆದಿಟ್ಟು ಊರೂರಿನಲ್ಲಿ ಸಭಾಭವನ, ವಾಚನಾಲಯಗಳನ್ನು ಕಟ್ಟಿಕೊಂಡಿದ್ದರು. ಹದಿಮೂರನೆಯ ವಯಸ್ಸಿಗೇ ಗಣಿಗಿಳಿದ ಅನ್ಯೂರಿನ್ ಬೆವನ್ ಓದಿ ಬೆಳೆದದ್ದು ಟ್ರೆಡೆಗರ್ ಊರಿನ ಅಂಥ ಗ್ರಂಥಾಲಯದಲ್ಲಿ. 1948ರಲ್ಲಿ ಬ್ರಿಟನ್ನಿನ ಜನರಿಗೆ ಉಚಿತ ಆರೋಗ್ಯ ಸೇವೆ ತಂದ ಮಂತ್ರಿ ಆತನೇ.

1960ರ ದಶಕದಲ್ಲಿ ಗಣಿಗಳು ಒಂದರ ಹಿಂದೊಂದು ಮುಚ್ಚಿದವು. ವಾಚನಾಲಯಗಳಿಗೂ ಬೀಗ ಬಿತ್ತು. ಕೂಲಿಯ ಕಾಸಿನಿಂದ ಕೊಂಡಿದ್ದ ಪುಸ್ತಕಗಳು ಹಳೆ ಪುಸ್ತಕದ ವ್ಯಾಪಾರಿಗಳ ಪಾಲಾಗತೊಡಗಿದವು. ಆಗ ಸ್ವಾನ್ಸೀಯ ಸಂಶೋಧಕರು ಎದ್ದು ಹೊರಟರು. 1970ರ ದಶಕದ ಆರಂಭದಲ್ಲಿ ಕಣಿವೆ ಕಣಿವೆ ತಿರುಗಿ ಕಾರ್ಮಿಕ ಸಂಘದ ಶಾಖೆಗಳ ನಡಾವಳಿ ಪುಸ್ತಕ, ಅಪಘಾತ ಪರಿಹಾರದ ಲೆಕ್ಕ, ಪತಾಕೆ, ಕರಪತ್ರ, ಮನೆಯ ಫೋಟೊ ಎಲ್ಲವನ್ನೂ ಕೂಡಿಸಿದರು. ಮುದುಕರ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮಾತಾಡಿಸಿದರು. 1973ರಲ್ಲಿ ಗಣಿ ಕಾರ್ಮಿಕರ ಗ್ರಂಥಾಲಯ ತೆರೆಯಿತು. ಇದರಲ್ಲಿ ಮುಂದೆ ನಿಂತವರು ಇತಿಹಾಸಕಾರ ಹೈವೆಲ್ ಫ್ರಾನ್ಸಿಸ್. ಅವರ ತಂದೆ ಡೈ ಫ್ರಾನ್ಸಿಸ್ ಆ ಪ್ರಾಂತದ ಗಣಿ ಕಾರ್ಮಿಕರ ಸಂಘದ ಪ್ರಧಾನ ಕಾರ್ಯದರ್ಶಿ. ಇದು ಸಣ್ಣ ವಿಷಯವಲ್ಲ. ಯೂನಿವರ್ಸಿಟಿಯವರು ಅಂತ ಹೇಳಿಕೊಂಡು ಬಂದವರಿಗೆಲ್ಲ ಜನ ಪೆಟ್ಟಿಗೆ ತೆರೆಯುವುದಿಲ್ಲ. ನಮ್ಮ ಹುಡುಗ ಅನ್ನಿಸಿದವನಿಗೆ ತೆರೆಯುತ್ತಾರೆ.

ಸಂಘದ ನಡಾವಳಿ ಪುಸ್ತಕವನ್ನು ಓದುವ ರೀತಿಯೇ ಬೇರೆ. ಅದರಲ್ಲಿ ದೊಡ್ಡ ಘಟನೆ ಹುಡುಕಿದರೆ ನಿರಾಸೆಯಾಗುತ್ತದೆ. ಇಂಥವನ ಬೆರಳು ಹೋಯಿತು, ಇಂಥವನ ಎದೆಯಲ್ಲಿ ಧೂಳು ಸೇರಿದೆ, ವೈದ್ಯ ಒಪ್ಪುತ್ತಿಲ್ಲ, ಮತ್ತೆ ಅರ್ಜಿ ಹಾಕಬೇಕು: ಇಂಥ ಸಾಲುಗಳನ್ನು ವರ್ಷಗಟ್ಟಲೆ ಒಟ್ಟಿಗಿಟ್ಟು ಓದಿದಾಗಲೇ ಧೂಳಿನ ರೋಗ ಒಂದು ಊರನ್ನು ಹೇಗೆ ತಿಂದಿತೆಂದು ಗೊತ್ತಾಗುತ್ತದೆ. ಅದರ ಮಿತಿಯೂ ಕಾಣುತ್ತದೆ. ಸಂಘದ ಪುಸ್ತಕದಲ್ಲಿ ಹೆಂಗಸರ ಹೆಸರು ತೀರಾ ಕಡಿಮೆ. ಗಣಿಯಿಂದ ಬಂದವನ ಮೈತೊಳೆಯಲು ನೀರು ಕಾಯಿಸಿ, ಕಪ್ಪು ಬಟ್ಟೆ ಒಗೆದವರ ಮಾತು ಬೇಕಾದರೆ ಮನೆಗೇ ಹೋಗಿ ಕೇಳಬೇಕು.

ನಮ್ಮ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಬೆರಳಚ್ಚು ತೆಗೆದುಕೊಂಡು ನೋಂದಾಯಿಸುವ ಪದ್ಧತಿಯನ್ನು ವಿರೋಧಿಸಿ 1930ರಲ್ಲಿ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದ್ದರು. ಸಂಸ್ಥಾನ ಕಾಲದ ಈ ದುಡಿಮೆಯ ಲೋಕವನ್ನು ಜಾನಕಿ ನಾಯರ್ 1998ರ ತಮ್ಮ ಪುಸ್ತಕದಲ್ಲಿ ಶ್ರಮವಹಿಸಿ ಬಿಡಿಸಿಟ್ಟಿದ್ದಾರೆ. ಒಬ್ಬ ವಿದ್ವಾಂಸರು ಇಷ್ಟು ಮಾಡಿರುವಾಗ ಒಂದು ಸಂಸ್ಥೆ ಮನಸ್ಸು ಮಾಡಿದರೆ ಎಷ್ಟಾಗಬಹುದು! ಕೋಲಾರದಲ್ಲೇ ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ಗಣಿಯ ಕಾಗದಪತ್ರ ಕೂಡಿಸಿಡುವ ಕೆಲಸ ಅದರದ್ದು ಎಂದು ನಾವು ನಂಬಿದ್ದೇವೆ. ಅದಕ್ಕೆ ದೊಡ್ಡ ಕಟ್ಟಡ ಬೇಡ. ಗೆದ್ದಲು ಹತ್ತದ ಒಂದು ಕೋಣೆ, ಪಟ್ಟಿ ಮಾಡಬಲ್ಲ ಇಬ್ಬರು, ಒಂದು ಸ್ಕ್ಯಾನರ್ ಸಾಕು.

ಆ ಇಬ್ಬರಲ್ಲಿ ಒಬ್ಬರಿಗೆ ತಮಿಳು ಚೆನ್ನಾಗಿ ಬರಬೇಕು. ಕೆಜಿಎಫ್‌ನ ದುಡಿಮೆಗಾರರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ, ಅದರಲ್ಲೂ ದಲಿತ ಕುಟುಂಬಗಳಿಂದ ಬಂದವರು, ತೆಲುಗರೂ ಇದ್ದರು. ಅವರ ಹಾಡು, ಕರಪತ್ರ, ಕಾಗದಗಳು ಕನ್ನಡದಲ್ಲಿಲ್ಲ ಎಂಬ ಕಾರಣಕ್ಕೆ ಕರ್ನಾಟಕದ ಚರಿತ್ರೆಯಿಂದ ಹೊರಗೆ ಉಳಿಯಬಾರದು. ಈ ಮಾತನ್ನು ಕನ್ನಡದ ಪತ್ರಿಕೆಯೊಂದು ಗಟ್ಟಿಯಾಗಿ ಹೇಳಬೇಕಾದ ಅಗತ್ಯವಿದೆ.

ಓದುಗರಲ್ಲಿ ಗಣಿ ಕೆಲಸಗಾರರ ಮಕ್ಕಳು, ಮೊಮ್ಮಕ್ಕಳು ಇದ್ದೀರಿ. ಅಜ್ಜನ ಟ್ರಂಕಿನಲ್ಲಿರುವ ಸಂಬಳದ ಚೀಟಿ, ಸಂಘದ ರಸೀದಿ, ಎದೆಯ ಎಕ್ಸ್‌ರೇ ಯಾವುದನ್ನೂ ಹಳೇ ಪೇಪರ್ ಕೊಳ್ಳುವವರಿಗೆ ತೂಕಕ್ಕೆ ಹಾಕಬೇಡಿ. ಫೋಟೊಗಳಿದ್ದರೆ ಅವುಗಳಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರ ಪಕ್ಕದಲ್ಲಿ ಕುಳಿತು, ಯಾರು, ಯಾವ ಗಣಿ, ಯಾವ ವರ್ಷ ಎಂಬುದನ್ನು ಕೇಳಿ, ಫೋಟೊದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ.