ಮೃಗಶಿರದ ಮಳೆ ಮತ್ತು ಜಿಂಕೆಯ ದಾರಿ

ನಮ್ಮ ಹಿರಿಯರು ಮಳೆಗೆ ನಕ್ಷತ್ರಗಳ ಹೆಸರಿಟ್ಟರು. ಜೂನ್ ತಿಂಗಳ ಮೊದಲ ವಾರ ಕಳೆಯುತ್ತಲೇ ಹುಟ್ಟುವ ಮಳೆಗೆ ಮೃಗಶಿರವೆಂದು ಹೆಸರು. ಎಂದರೆ ಜಿಂಕೆಯ ತಲೆ. ಅದೇ ಆಕಾಶದಲ್ಲಿ, ಅದಕ್ಕೆ ಸ್ವಲ್ಪ ದೂರದಲ್ಲಿ, ಮೃಗವ್ಯಾಧನೆಂಬ ಬೇಟೆಗಾರನ ನಕ್ಷತ್ರ ಹೊಳೆಯುತ್ತದೆ. ನಡುವಿನ ಮೂರು ಚುಕ್ಕಿಗಳ ಸಾಲನ್ನು ಅವನ ಬಾಣವೆನ್ನುತ್ತಾರೆ. ಮಳೆಗೂ ಜಿಂಕೆಗೂ ಬೇಟೆಗೂ ನಂಟಿದೆಯೆಂಬುದು ಪಂಚಾಂಗ ಓದಲು ಬಾರದ ನನ್ನ ತಾತನಿಗೂ ಗೊತ್ತಿತ್ತು. ನನಗೆ ಗೊತ್ತಾದದ್ದು ಒಂದು ತಪ್ಪಿನ ಮೂಲಕ. ಆ ತಪ್ಪನ್ನು ಹೇಳಿಕೊಂಡು, ಅದರಿಂದ ಹುಟ್ಟಿದ ಒಂದು ಅಭಿಪ್ರಾಯವನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಕಾಡಿನ ಅಂಚಿನಲ್ಲಿದೆ. ನಮ್ಮ ಹೊಲದ ಬೇಲಿ ಮುಗಿದಲ್ಲಿ ಕಾಡು ಮೊದಲಾಗುತ್ತದೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಾತ ಹರೆಯದಲ್ಲಿ ಕೇಪಿನ ಕೋವಿ ಹಿಡಿದು ಕಾಡು ಸುತ್ತಿದವರು. ಕೋವಿ ಹೋಗಿ ಎಷ್ಟೋ ವರ್ಷಗಳಾಗಿದ್ದರೂ ಬೇಟೆಯ ಮಾತು ಹೋಗಿರಲಿಲ್ಲ. ಸಂಜೆ ಜಗಲಿಯ ಮೇಲೆ ಕುಳಿತು, "ಗಾಳಿ ಮೊಕಕ್ಕೆ ಹೊಡೀಬೇಕು ಕಣ್ಲಾ. ಬೆನ್ನಿಗೆ ಹೊಡುದ್ರೆ ನಿನ್ನ ವಾಸ್ನೆ ನಿನಗಿಂತ ಮುಂಚೇನೆ ಅಲ್ಲಿಗೆ ಹೋಗಿರ್ತದೆ" ಎನ್ನುತ್ತಿದ್ದರು.

ಅವರ ಮಾತುಗಳನ್ನು ಒಟ್ಟುಗೂಡಿಸಿದರೆ ಒಂದು ಶಾಸ್ತ್ರವೇ ಆಗುತ್ತದೆ. ಮಳೆಗಾಲದಲ್ಲಿ ನೆನೆದ ತರಗೆಲೆಯ ಮೇಲೆ ಕಾಲಿನ ಸದ್ದು ಕೇಳಿಸುವುದಿಲ್ಲ. ಬೇಟೆಗಾರನಿಗೆ ಅದು ಅನುಕೂಲ. ಆದರೆ ಆಗ ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಹುಲ್ಲು. ಜಿಂಕೆ ಇಂಥಲ್ಲೇ ಇದ್ದೀತೆಂದು ಹೇಳಲಾಗದು. ಬೇಸಿಗೆಯಲ್ಲಿ ಇದು ತಿರುಗುಮುರುಗು. ಒಣಗಿದ ತೇಗದ ಎಲೆ ಹಪ್ಪಳದಂತೆ ಮುರಿದು ಸದ್ದು ಮಾಡುತ್ತದೆ, ನಡೆದು ಬೇಟೆಯಾಡುವಂತಿಲ್ಲ. ಆದರೆ ನಡೆಯುವ ಅಗತ್ಯವೇನು? ನೀರಿನ ಬಳಿ ಕುಳಿತರೆ ಸಾಕು, ಬಾಯಾರಿದ ಪ್ರಾಣಿ ತಾನಾಗಿ ಬರುತ್ತದೆ.

ಪ್ರಾಣಿಶಾಸ್ತ್ರವೂ ಇದನ್ನೇ ಹೇಳುತ್ತದೆ. ನಾವು ಸಾರಗವೆನ್ನುವ ಚುಕ್ಕೆ ಜಿಂಕೆ ನೀರನ್ನು ಬಿಟ್ಟು ಬಹುದೂರ ಇರಲಾರದು. ಬಿಸಿಲೇರಿದಂತೆ ನೆರಳು ಸೇರಿ, ಮುಂಜಾನೆಯೂ ಮುಸ್ಸಂಜೆಯೂ ಹೊರಬರುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಬಿದ್ದು ಎಳೆಹುಲ್ಲು ಚಿಗುರಿದರೆ ಬಯಲಿನಲ್ಲಿ ದೊಡ್ಡ ಹಿಂಡುಗಳು ಕಾಣಿಸುತ್ತವೆ. ಕಡವೆ ಹೆಚ್ಚಾಗಿ ರಾತ್ರಿಯ ಪ್ರಾಣಿ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ, ತೆರೆದ ನೆಲದಲ್ಲಿ ಹಸುರು ಹುಟ್ಟಿ, ಆನೆ, ಕಾಟಿ, ಜಿಂಕೆಗಳೆಲ್ಲ ಅಲ್ಲಿ ಸೇರುವುದು ಪ್ರಸಿದ್ಧವೇ ಆಗಿದೆ. ಆದರೆ ಸಾರಗವು ಆನೆಯಂತೆ ಹತ್ತಾರು ಮೈಲಿ ನಡೆದು ಬೇರೆ ಕಾಡು ಸೇರುವ ಪ್ರಾಣಿಯಲ್ಲ. ಅದರ ಕಟ್ಟೆ ಬತ್ತಿದರೆ ಅದು ಹತ್ತಿರದ ಊರಿನ ಕೆರೆಗೇ ಬರಬೇಕು. ಅಪಾಯ ಹುಟ್ಟುವುದು ಇಲ್ಲಿಯೇ.

2016ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟವು. 2017ರ ಬೇಸಿಗೆಯಲ್ಲಿ ನಾನು ಆರನೆಯ ತರಗತಿಯ ಹುಡುಗ. ಊರ ಕೆರೆಯಲ್ಲಿ ಎಮ್ಮೆ ಮೈ ನೆನೆಸುವಷ್ಟೂ ನೀರಿರಲಿಲ್ಲ. ಒಂದು ಬೆಳಿಗ್ಗೆ ದನಗಳಿಗೆ ನೀರು ಕುಡಿಸಲು ಹೋದಾಗ ಕೆಸರಿನಲ್ಲಿ ಸೀಳುಗೊರಸಿನ ಗುರುತುಗಳನ್ನು ಕಂಡೆ. ತಾತನಿಂದ ಕಲಿತ ವಿದ್ಯೆಯಲ್ಲವೆ! ಎಷ್ಟು ಜಿಂಕೆ ಬಂದಿವೆ, ಬೇಲಿಯ ಯಾವ ಕಂಡಿಯಿಂದ ಬಂದಿವೆ ಎಂಬುದನ್ನೆಲ್ಲ ಎಣಿಸಿ, ಟೀ ಅಂಗಡಿಯ ಮುಂದೆ ನಿಂತು ಜಂಬದಿಂದ ಹೇಳಿದೆ. ಮೂರನೆಯ ದಿನ ಅದೇ ಕಂಡಿಯಲ್ಲಿ ಬೈಕಿನ ಕ್ಲಚ್ ತಂತಿಯ ಉರುಳಿಗೆ ಒಂದು ಹೆಣ್ಣು ಸಾರಗ ಬಿತ್ತು. ಅದು ಗಬ್ಬವಾಗಿತ್ತೆಂದು ಕೊಯ್ದವರೇ ಆಮೇಲೆ ಹೇಳಿದರು. ಒಂದು ಪಾಲು ಎಲೆಯಲ್ಲಿ ಸುತ್ತಿ ನಮ್ಮ ಮನೆಗೂ ಬಂತು. ನಾನು ತಿಂದೆ. ತಾತ ತಟ್ಟೆ ಮುಟ್ಟಲಿಲ್ಲ.

"ನೀನೂ ನೀರಿನತ್ರ ಕೂತು ಹೊಡೀತಿರ್ಲಿಲ್ವಾ ತಾತ?" ಎಂದು ನಾನು ಕೇಳಿದೆ.

"ಕೂತಿದ್ದೆ ಕಣ್ಲಾ, ಇಲ್ಲ ಅನ್ನಕಿಲ್ಲ. ಆಗ ನೀರು ನಾಕು ಕಡೆ ಇತ್ತು. ಇಲ್ಲಿ ಗುಂಡಿನ ಸದ್ದು ಕೇಳುದ್ರೆ ಅವು ಅಲ್ಲಿಗೋಗವು. ಈಗ ಇರದೇ ಒಂದು ಕೆರೆ. ಅವು ಎಲ್ಲಿಗೋದವು?"

ಈ ಪ್ರಶ್ನೆಗೆ ನನ್ನ ಪಠ್ಯಪುಸ್ತಕಗಳಲ್ಲಿ ಉತ್ತರ ಸಿಕ್ಕಿಲ್ಲ. ಕಾನೂನಿನಲ್ಲಿ ಹುಡುಕಿದರೆ ಅರ್ಧ ಉತ್ತರ ಸಿಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಪರವಾನಗಿ ಪಡೆದ ಬೇಟೆಗೆ ಇನ್ನೂ ಸ್ವಲ್ಪ ಎಡೆಯಿತ್ತು. 1991ರ ತಿದ್ದುಪಡಿಯಿಂದ ಅದೂ ಮುಚ್ಚಿತು. ಇದು ಒಳ್ಳೆಯದೇ ಆಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಯಿದೆಗೆ ಹನ್ನೆರಡು ತಿಂಗಳೂ ಒಂದೇ. ಜಿಂಕೆಯ ಪಾಲಿಗೆ ಹಾಗಿಲ್ಲ. ಶ್ರಾವಣದಲ್ಲಿ ಅದಕ್ಕೆ ನೂರು ದಾರಿ, ಚೈತ್ರದಲ್ಲಿ ಒಂದೇ ದಾರಿ. ಉರುಳಿಡುವವನು ಈ ಲೆಕ್ಕವನ್ನು ಬಲ್ಲ, ಕಾಯುವವನೂ ಬಲ್ಲವನಾಗಬೇಕು. ಕಾವಲು ಹವೆಯನ್ನು ನೋಡಿ ನಡೆಯಬೇಕೆಂಬುದೇ ನನ್ನ ಅಭಿಪ್ರಾಯ.

ಈಗಂತೂ ಹವೆಯೇ ಹಿರಿಯರ ಲೆಕ್ಕವನ್ನು ತಪ್ಪಿಸುತ್ತಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಬೆಂಕಿಗೆ ತುತ್ತಾಯಿತು. 2023ರ ಆಗಸ್ಟ್ ತಿಂಗಳು, 1901ರಿಂದೀಚಿನ ದಾಖಲೆಗಳಲ್ಲಿ, ನಮ್ಮ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಮಳೆಗಾಲದ ನಟ್ಟನಡುವೆಯೇ ಬೇಸಿಗೆ ಬಂದಂತಾದರೆ, ಬೇಸಿಗೆಯಲ್ಲಿ ಮಾತ್ರ ನೀರಿನ ಬಳಿ ಕಾಯುತ್ತೇವೆಂದರೆ ಸಾಲದು. ಮಳೆ ತಪ್ಪಿದ ದಿನದಿಂದಲೇ ಕಾವಲು ಮೊದಲಾಗಬೇಕು.

ಕಾಡಿನೊಳಗೆ ಕೊಳವೆಬಾವಿ ಕೊರೆದು, ಸೂರ್ಯಶಕ್ತಿಯ ಪಂಪಿನಿಂದ ಕಟ್ಟೆ ತುಂಬಿಸುತ್ತಿದ್ದಾರಲ್ಲ, ಇನ್ನೇನು ಬೇಕು ಎಂದು ಕೆಲವರು ಕೇಳಬಹುದು. ಅದು ಪುಣ್ಯದ ಕೆಲಸ. ಆದರೆ ಹತ್ತು ಕಟ್ಟೆ ಬತ್ತಿ ಒಂದು ತುಂಬಿದ್ದರೆ, ಜಿಂಕೆಗಳ ಜೊತೆಗೆ ಹುಲಿಯೂ ರೋಗವೂ ಉರುಳೂ ಅಲ್ಲಿಗೇ ಬರುತ್ತವೆ. ನೀರು ಕೊಟ್ಟ ಮೇಲೆ ನೀರಿನ ದಾರಿಯನ್ನೂ ಕಾಯಬೇಕು.

ಇನ್ನು ರೈತನ ಮಾತು. ನನ್ನ ಅಪ್ಪ ರೈತರು. ಹೂವಿಗೆ ಬಂದ ಅವರೆ ಹೊಲಕ್ಕೆ ಸಾರಗದ ಹಿಂಡು ನುಗ್ಗಿದರೆ ಒಂದು ರಾತ್ರಿಯಲ್ಲಿ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಿಂಕೆಯ ಚೆಲುವನ್ನು ಹೊಗಳುವುದು ಪೇಟೆಯಲ್ಲಿದ್ದವರಿಗೆ ಸುಲಭ. ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಗೆ ಮುಂಚೆ ಕೈಸೇರಿದರೆ ರೈತ ಉರುಳಿನ ಕಡೆ ಕಣ್ಣು ಮುಚ್ಚಿಕೊಳ್ಳುವ ಕಾರಣ ಕಡಿಮೆಯಾಗುತ್ತದೆ. ಹೊಟ್ಟೆ ಉರಿಯುತ್ತಿರುವವನಿಗೆ ನೀತಿ ಹೇಳಿ ಪ್ರಯೋಜನವಿಲ್ಲ.

ಕೊನೆಯದಾಗಿ, ನಮ್ಮಂತಹ ವಿದ್ಯಾರ್ಥಿಗಳ ಕೆಲಸ. ಕಾಡಂಚಿನ ಊರುಗಳಲ್ಲಿ ಗಾಳಿ, ಮಳೆ, ಹೆಜ್ಜೆ ಬಲ್ಲ ವೃದ್ಧರು ಇನ್ನೂ ಇದ್ದಾರೆ. ಬೇಟೆಯ ಕಾಲ ಮುಗಿಯಿತೆಂದು ಅವರ ತಿಳಿವಳಿಕೆಯನ್ನೂ ಮಣ್ಣುಪಾಲು ಮಾಡುವುದು ಅವಿವೇಕ. ಕೊಲ್ಲಲು ಬಂದ ವಿದ್ಯೆ ಕಾಯಲೂ ಬಂದೀತು. ಈ ಕಾಲೇಜಿನಲ್ಲಿ ಅಂಥ ಊರುಗಳಿಂದ ಬರುವವರು ನಾನೊಬ್ಬನೇ ಅಲ್ಲ. ರಜೆಗೆ ಊರಿಗೆ ಹೋದಾಗ ಅವರನ್ನು ಕೇಳಿ, ಯಾವ ಮಳೆಗೆ ಯಾವ ಕಟ್ಟೆ ತುಂಬಿತು, ಯಾವುದು ಬತ್ತಿತು, ಹೆಜ್ಜೆ ಯಾವ ಕಡೆಯಿಂದ ಬಂತು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡೋಣ. ಬರೆದದ್ದನ್ನು ಅರಣ್ಯದ ಕಾವಲುಗಾರರಿಗೆ ಒಪ್ಪಿಸೋಣ. ನನ್ನಂತೆ ಟೀ ಅಂಗಡಿಯಲ್ಲಿ ಹೇಳುವುದು ಬೇಡ.

ತಾತ ಈಗಿಲ್ಲ. ಆ ಕಂಡಿ ಮಾತ್ರ ಹಾಗೆಯೇ ಇದೆ. ಅದನ್ನು ಮುಚ್ಚಿಬಿಡೋಣವೆಂದು ಅಪ್ಪ ಒಮ್ಮೆ ಹೊರಟಿದ್ದರು, ನಾನು ಬೇಡವೆಂದೆ. ಕೆರೆಗೆ ಅವಕ್ಕೆ ಬೇರೆ ದಾರಿಯಿಲ್ಲ. ಬೇಸಿಗೆಯ ರಜೆಯಲ್ಲಿ ಮೃಗಶಿರದ ಮಳೆ ಬೀಳುವವರೆಗೆ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ, ತಂತಿಯೇನಾದರೂ ಇದೆಯೇ ಎಂದು ನೋಡಿ ಬರುತ್ತೇನೆ.